ಆಮೆಯ ದಂಡೆಯಲ್ಲಿ ಚರಗ

ದೂರದ ಒಂದು ದ್ವೀಪದಲ್ಲಿ ಪ್ರವಾಸಿಗರಿಗೆ ಕಡಲಾಮೆ ತೋರಿಸುತ್ತಿದ್ದ ಒಬ್ಬ ಮನುಷ್ಯನ ಕೆಲಸ ನಮ್ಮಿಂದ ಹೋಯಿತು. ನಮ್ಮಿಂದ ಎಂದು ಬರೆದರೆ ನನ್ನ ಪಾಲು ಕಡಿಮೆಯಾಗಿ ಕಾಣುತ್ತದೆ. ಹೇಳಿಕೆ ಬರೆದದ್ದು ನಾನು, ನನ್ನ ಪೆನ್ನಿನಲ್ಲಿ, ನನ್ನ ಅಕ್ಷರದಲ್ಲಿ. ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಬೇರೆಯವರ ಸಾಕ್ಷಿಗಳನ್ನು ಟೈಪು ಮಾಡಿ ನಿವೃತ್ತನಾದವನು ನಾನು. ಹೇಳಿಕೆಯಲ್ಲಿ ಒಂದು ಮಾತು ಇದ್ದರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದು ಬರೆಯುತ್ತೇನೆ.

ನಾವು ನಾಲ್ವರು ವಿಜಯಪುರದ ಒಂದೇ ಕಾಲೇಜಿನಲ್ಲಿ ಓದಿದವರು. ಆಮೇಲೆ ಒಬ್ಬೊಬ್ಬರು ಒಂದೊಂದು ತಾಲೂಕಿಗೆ ಬಿದ್ದೆವು. ನಾನು ಸಿಂದಗಿ. ಇಂಡಿಯವನಿಗೆ ನಿಂಬೆಯ ತೋಟ. ಮುದ್ದೇಬಿಹಾಳದವನು ವಕೀಲ, ಈಗಲೂ ಕರಿಕೋಟು ಬಿಟ್ಟಿಲ್ಲ. ಬಸವನ ಬಾಗೇವಾಡಿಯವನು ಹೈಸ್ಕೂಲಿನ ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ನಮ್ಮೊಳಗೆ ಹೆಸರು ಹಿಡಿದು ಕರೆಯುವುದು ಎಂದೋ ತಪ್ಪಿ, ಊರಿನ ಹೆಸರು ಇಲ್ಲವೆ ಕೆಲಸದ ಹೆಸರು ನಿಂತಿದೆ. ನನ್ನನ್ನು ಸಾಹೇಬ ಎನ್ನುತ್ತಾರೆ. ಅದರಲ್ಲಿ ಗೌರವವೂ ಇದೆ, ಜಾತಿಯೂ ಇದೆ, ಚೇಷ್ಟೆಯೂ ಇದೆ. ನನಗೆ ಬೇಸರವಿಲ್ಲ.

ಪ್ರಾಣಿಪಕ್ಷಿ ನೋಡುವ ಹುಚ್ಚು ಹೆಡ್‌ಮಾಸ್ತರನದು. ಚಳಿಗಾಲದಲ್ಲಿ ಕೃಷ್ಣೆಯ ಹಿನ್ನೀರಿಗೆ ಬಾತುಗಳು, ರಾಜಹಂಸಗಳು ಬಂದಿವೆ ಎಂದು ಗೊತ್ತಾದರೆ ಫೋನು ಮಾಡುತ್ತಿದ್ದ. ನಾವು ಬುತ್ತಿ ಕಟ್ಟಿಕೊಂಡು ಹೋಗಿ, ಅವನ ದುರ್ಬೀನನ್ನು ಸರದಿಯಂತೆ ಕಣ್ಣಿಗೆ ಹಿಡಿದು, ಊಟ ಮಾಡಿ ಬರುತ್ತಿದ್ದೆವು. ಅಂಡಮಾನಿನ ಕಡೆ ಒಂದು ಸಣ್ಣ ದ್ವೀಪದಲ್ಲಿ ಗೈಡ್ ಜೊತೆ ನಡೆದು ಕಡಲಾಮೆಯ ಮರಿಗಳು ಮರಳಿನಿಂದ ಹೊರಗೆ ಬರುವುದನ್ನು ನೋಡಬಹುದು ಎಂದು ಎಲ್ಲಿಯೋ ಓದಿದವನೂ ಅವನೇ. ದ್ವೀಪದ ಹೆಸರನ್ನು ನಾನು ಬರೆಯುವುದಿಲ್ಲ.

ಹೊರಡುವುದು ನಿಶ್ಚಯವಾದ ಮೇಲೆ ಇಂಡಿಯವನ ಹೆಂಡತಿ ಕ್ಯಾಲೆಂಡರು ನೋಡಿ ಬರುವುದಿಲ್ಲ ಎಂದಳು. ನನಗೆ ಅವಳು ತಂಗಿಯಂತೆ, ನಾನು ಅವಳಿಗೆ ಅಣ್ಣ. ನಾವು ದ್ವೀಪದಲ್ಲಿರುವ ದಿನವೇ ಎಳ್ಳ ಅಮಾವಾಸ್ಯೆ ಬರುತ್ತಿತ್ತು.

"ಚರಗಾ ಚೆಲ್ಲಲಾರದ ವರ್ಷ ಒಂದೂ ಇಲ್ಲ ನಂದು. ಮದುವಿ ಆಗಿ ಬಂದಾಗಿಂದ ಒಂದೂ ಇಲ್ಲ. ನಿಮ್ಮ ಆಮಿ ನೀವು ನೋಡ್ಕೊಂಡು ಬರ್ರಿ" ಎಂದಳು.

"ಹೊಲದಾಗ ತಮ್ಮ ಚೆಲ್ತಾನ. ನೀನು ಅಲ್ಲೇ ಸಮುದ್ರದ ದಂಡಿಗಿ ಚೆಲ್ಲು. ಭೂಮಿ ಅಲ್ಲೂ ಭೂಮಿನ ಅಲ್ಲೇನು?" ಎಂದ ಗಂಡ.

ಚರಗ ಗೊತ್ತಿಲ್ಲದವರಿಗೆ ಎರಡು ಮಾತು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಕಡೆಯ ಹೊಲದಲ್ಲಿ ಬಿಳಿಜೋಳ ತೆನೆ ಹಿಡಿಯುತ್ತಿರುತ್ತದೆ. ಆಗ ಭೂಮಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆಯ ಊಟ ಹಾಕುವಂತೆ ಸಜ್ಜಿರೊಟ್ಟಿ, ಕಡಬು, ಶೇಂಗಾಹೋಳಿಗೆ, ಪಲ್ಯ, ಮೊಸರನ್ನ ಎಲ್ಲವನ್ನೂ ಮುರಿದು ಕಲಸಿ, ಕೂಗುತ್ತ ಹೊಲದ ತುಂಬ ಚೆಲ್ಲುತ್ತಾರೆ. ಹಿಂದಿನಿಂದ ಒಬ್ಬರು ನೀರು ಚಿಮುಕಿಸುತ್ತ ಹೋಗುತ್ತಾರೆ. ಹಕ್ಕಿ, ಇರುವೆ, ಹುಳ ಯಾವುದು ತಿಂದರೂ ಭೂಮಿ ಉಂಡ ಹಾಗೆ. ಮೋರಟಗಿಯ ನಮ್ಮ ಹೊಲದಲ್ಲಿ ನಮ್ಮಪ್ಪನೂ ಚೆಲ್ಲುತ್ತಿದ್ದ, ನಾನೂ ಚೆಲ್ಲಿದ್ದೇನೆ. ಅದರಲ್ಲಿ ಹಿಂದೂ ಮುಸಲ್ಮಾನ ಎಂದು ನಮ್ಮ ಊರಲ್ಲಿ ಯಾರೂ ಕೇಳಿಲ್ಲ.

ತಂಗಿ ಬಂದಳು. ಸಜ್ಜಿರೊಟ್ಟಿ, ಹೋಳಿಗೆಗಳ ಗಂಟು ಹೈದರಾಬಾದಿನ ವಿಮಾನ ಹತ್ತಿತು, ಹಡಗು ಹತ್ತಿತು. ನನ್ನ ಹೆಂಡತಿ ನೀರಿಗೆ ಹೆದರಿ ಬರಲಿಲ್ಲ. ಹೆಡ್‌ಮಾಸ್ತರನ ಹೆಂಡತಿಗೆ ಹಡಗಿನಲ್ಲಿ ವಾಂತಿಯಾಗಿ ದ್ವೀಪದ ವಸತಿಗೃಹದಲ್ಲಿಯೇ ಮಲಗಿಬಿಟ್ಟಳು. ಹೀಗೆ ಆಮೆಯ ದಂಡೆಗೆ ಹೋದವರು ಐದೇ ಜನ: ನಾವು ನಾಲ್ವರು ಗೆಳೆಯರು, ಮತ್ತು ತಂಗಿ.

ಗೈಡ್ ನಲವತ್ತು ದಾಟಿದವನಿರಬೇಕು. ಅವನ ಅಜ್ಜನನ್ನು ಕಾಡು ಕಡಿಯುವ ಕೆಲಸಕ್ಕೆ ರಾಂಚಿಯ ಕಡೆಯಿಂದ ತಂದಿದ್ದರಂತೆ. ಅವನು ಆಡುತ್ತಿದ್ದದ್ದು ಹಿಂದಿ. ನಮ್ಮಲ್ಲಿ ಉರ್ದು ಮನೆಮಾತಾಗಿದ್ದವನು ನಾನೊಬ್ಬನೇ ಆದ್ದರಿಂದ ಅವನ ಮಾತು ಇವರಿಗೆ, ಇವರ ಮಾತು ಅವನಿಗೆ ಮುಟ್ಟಿಸುವುದು ನನ್ನ ಕೆಲಸವಾಯಿತು. ಇಲ್ಲಿ ಅವನ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೊರಳಲ್ಲಿ ಪರವಾನಗಿಯ ಕಾರ್ಡು ಇತ್ತು. ಪ್ರತಿ ಸೀಜನ್ನಿಗೆ ಅದನ್ನು ಹೊಸದಾಗಿ ಕೊಡುತ್ತಾರೆ, ಒಂದು ದೂರು ಬಂದರೂ ಕೊಡುವುದಿಲ್ಲ ಎಂದು ಅವನೇ ಹೇಳಿದ. ಇದಕ್ಕೂ ಮೊದಲು ಬಹಳ ವರ್ಷ ದೋಣಿ ನಡೆಸುತ್ತಿದ್ದನಂತೆ. "ದೋಣಿಯವನನ್ನು ಯಾರೂ ಏನೂ ಕೇಳುವುದಿಲ್ಲ ಸಾಬ್. ಈಗ ಕೇಳುತ್ತಾರೆ, ನಾನು ಹೇಳುತ್ತೇನೆ" ಎಂದ. ಹೇಳುವಾಗ ಕಾರ್ಡನ್ನು ಅಂಗಿಯ ಮೇಲೆ ನೆಟ್ಟಗೆ ಮಾಡಿಕೊಂಡ.

ಅಮಾವಾಸ್ಯೆಯ ಮಧ್ಯಾಹ್ನ ಊಟವಾದ ಮೇಲೆ ದೋಣಿಕಟ್ಟೆಗೆ ಹೋದೆವು. ಅಲ್ಲಿಂದ ಡುಂಗಿ ಎಂದು ಅವರು ಕರೆಯುವ, ಮೋಟಾರು ಕಟ್ಟಿದ ಸಣ್ಣ ದೋಣಿಯಲ್ಲಿ ಉಪ್ಪುನೀರಿನ ಹಳ್ಳ ದಾಟಿ ಆ ಕಡೆಯ ದಂಡೆಗೆ ಹೋಗಬೇಕು. ಹತ್ತುವ ಮೊದಲು ಅವನು ಎಲ್ಲರ ಚೀಲ ಬಿಚ್ಚಿಸಿದ. ವಕೀಲನ ಜೇಬಿನಿಂದ ಬಿಸ್ಕತ್ತು, ಹೆಡ್‌ಮಾಸ್ತರನ ಕ್ಯಾಮೆರಾ ಚೀಲದಿಂದ ಹುರಿದ ಶೇಂಗಾ ತೆಗೆಸಿ ಕಟ್ಟೆಯ ಮೇಲೆ ಇಡಿಸಿದ.

"ದಂಡೆಯ ಮೇಲೆ ತಿನ್ನುವ ವಸ್ತು ಯಾವುದೂ ಬೇಡ. ಒಂದು ಚೂರು ಬಿದ್ದರೂ ನಾಯಿ ಬರುತ್ತದೆ. ಇಳಿತದಲ್ಲಿ ಹಳ್ಳದ ನೀರು ಕಡಿಮೆಯಾದಾಗ ಊರನಾಯಿಗಳು ದಾಟಬಲ್ಲವು. ಈಗ ದಾಟುವುದಿಲ್ಲ, ಯಾಕೆಂದರೆ ಆ ಕಡೆ ಅವಕ್ಕೆ ಏನೂ ಸಿಗುವುದಿಲ್ಲ. ಬಂದರೆ ಮೊಟ್ಟೆ ಅಗೆಯುತ್ತವೆ" ಎಂದ.

ನಾನು ಇದನ್ನು ಕನ್ನಡದಲ್ಲಿ ಹೇಳಿದೆ. ಪೂರ್ತಿ ಹೇಳಿದೆ, ನಾಯಿಯ ಮಾತನ್ನೂ ಸೇರಿಸಿ. ಇದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಅವನು ತಂಗಿಯ ಕಡೆ ನೋಡಿದ. ಕಟ್ಟೆಯ ಮೇಲೆ ಕುಳಿತಿದ್ದ ಅವಳ ತೊಡೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ ಇತ್ತು.

"ಅಣ್ಣಾರ, ಪೂಜಿ ಸಾಮಾನ ಐತಿ ಅಂತ ಹೇಳ್ರಿ. ಮುಟ್ಟಬಾರ್ದು ಅಂತ ಹೇಳ್ರಿ" ಎಂದಳು.

ನಾನು ಪೂಜೆಯ ಸಾಮಾನು ಎಂದೆ. ಅದರಲ್ಲಿ ರೊಟ್ಟಿ, ಹೋಳಿಗೆ, ಕಡಬು, ವಸತಿಗೃಹದ ಅಡುಗೆಯವನಿಂದ ಬೇಯಿಸಿಕೊಂಡ ಅನ್ನಕ್ಕೆ ಮೊಸರು ತುಪ್ಪ ಹಾಕಿ ಕಲಸಿದ ಬುತ್ತಿ ಇತ್ತು. ನನಗೆ ಗೊತ್ತಿತ್ತು. ಗೈಡ್ ತಲೆಯ ಟೊಪ್ಪಿಗೆ ತೆಗೆದು, ಬುಟ್ಟಿಯ ಅಂಚಿಗೆ ಬೆರಳು ತಾಗಿಸಿ ಹಣೆಗೆ ಮುಟ್ಟಿಸಿಕೊಂಡು ಸುಮ್ಮನಾದ. ಅವನು ತಪಾಸಣೆ ಮಾಡದೆ ಬಿಟ್ಟದ್ದು ಅದೊಂದನ್ನೇ.

ದಂಡೆ ಉದ್ದಕ್ಕೆ ಬೆಳ್ಳಗೆ ಇತ್ತು. ಒಂದು ಕಡೆ ನೀರು, ಒಂದು ಕಡೆ ದಟ್ಟ ಕಾಡು, ನಡುವೆ ಮರಳಿನ ಮೇಲೆ ಹಬ್ಬಿದ ಹಸಿರು ಬಳ್ಳಿ. ಆಮೆ ಮೊಟ್ಟೆ ಇಟ್ಟ ಜಾಗಗಳಿಗೆ ಗುರುತಿನ ಕೋಲು ನೆಟ್ಟಿದ್ದರು. ಕೆಲವಕ್ಕೆ ಬಿದಿರಿನ ಬುಟ್ಟಿ ಬೋರಲು ಹಾಕಿದ್ದರು. ಒಂದು ಗೂಡಿನ ಮುಂದೆ ಅವನು ಕುಕ್ಕರಗಾಲಿನಲ್ಲಿ ಕುಳಿತು ನಮ್ಮನ್ನು ಹತ್ತಿರ ಕರೆದ. ಅದರ ಮೇಲಿನ ಬುಟ್ಟಿಯನ್ನು ಮರಿಗಳಿಗೆ ದಾರಿ ಬಿಡಲು ಬೆಳಿಗ್ಗೆಯೇ ತೆಗೆದಿದ್ದನಂತೆ. ಅಂಗೈಯಗಲದಷ್ಟು ಜಾಗದಲ್ಲಿ ಮರಳು ತುಸು ಕುಸಿದಿತ್ತು.

"ಒಳಗೆ ಮರಿಗಳು ಚಿಪ್ಪು ಒಡೆದಿವೆ. ಒಂದರ ಮೇಲೆ ಒಂದು ಹತ್ತಿ ಮೇಲೆ ಬರುತ್ತಿವೆ, ಅದಕ್ಕೇ ಮರಳು ಕುಸಿಯುತ್ತದೆ. ಇವತ್ತು ಸಂಜೆ, ಇಲ್ಲವಾದರೆ ನಾಳೆ ಬೆಳಿಗ್ಗೆ" ಎಂದ.

ತಂಗಿ ಬಹಳ ಹೊತ್ತು ಆ ಕುಸಿದ ಮರಳನ್ನು ನೋಡಿದಳು. "ಯವ್ವಾ, ಇಲ್ಲಿ ಭೂಮಿ ಖರೇನ ಬಸುರಿ ಐತ್ರಿ ಅಣ್ಣಾರ" ಎಂದಳು. ಅವಳ ಮುಖದಲ್ಲಿ ಕಂಡದ್ದನ್ನು ನಾನು ಸಂತೋಷ ಎಂದೇ ಬರೆಯಬೇಕು.

ಹಳ್ಳದ ಮೂಲೆಯಲ್ಲಿ ಹಿಂದಿನ ವಾರ ಮೊಸಳೆ ಕಂಡಿತ್ತಂತೆ. ನಮ್ಮನ್ನು ಆ ಕಡೆ ಕರೆದೊಯ್ಯುವ ಮೊದಲು ತಾನೊಬ್ಬನೇ ಹೋಗಿ ನೋಡಿ ಬರುತ್ತೇನೆ, ಅರ್ಧ ಗಂಟೆ, ಮರದ ನೆರಳು ಬಿಟ್ಟು ಕದಲಬೇಡಿ ಎಂದು ಹೇಳಿ ಗೈಡ್ ಹೋದ. ಡುಂಗಿ ನಡೆಸುವವನು ದೋಣಿಯಲ್ಲಿಯೇ ಇದ್ದ, ಅವನಿಗೆ ನಾವು ಕಾಣುತ್ತಿರಲಿಲ್ಲ.

ಆ ಅರ್ಧ ಗಂಟೆಯಲ್ಲಿ ನಾವು ಚರಗ ಚೆಲ್ಲಿದೆವು.

ಹೊಲದಲ್ಲಾದರೆ ಐದು ಕಲ್ಲು ಇಟ್ಟು ಪೂಜಿಸುತ್ತಾರೆ. ಅಲ್ಲಿ ಕಲ್ಲು ಸಿಗಲಿಲ್ಲ. ತಂಗಿ ಹವಳದ ಬಿಳಿ ತುಂಡುಗಳನ್ನು ಆರಿಸಿ ತಂದು ಮರದ ಬುಡದಲ್ಲಿ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದಳು. ಬುಟ್ಟಿಯ ಅಡಿಯಲ್ಲಿದ್ದ ಅಗಲ ತಟ್ಟೆ, ಪರಾತದಲ್ಲಿ ಎಲ್ಲವನ್ನೂ ಮುರಿದು ಕಲಸಿದಳು.

"ಲೇ ಇಂಡಿ, ದಂಡಿ ಮ್ಯಾಲ ತಿನ್ನೂ ಸಾಮಾನ ಬ್ಯಾಡ ಅಂದಾನಲ್ಲೋ ಅಂವ" ಎಂದ ಹೆಡ್‌ಮಾಸ್ತರ. ಹೇಳಿದವನು ಅವನೊಬ್ಬನೇ, ಅದನ್ನು ದಾಖಲಿಸಬೇಕು.

"ನಾವೇನ್ ತಿನ್ನಾಕತ್ತೇವೇನು? ಭೂಮಿತಾಯಿಗಿ ಉಣಸಾಕತ್ತೇವಿ. ಮಾಸ್ತರಾ, ನಿನ್ನ ಸಾಲಿ ಮುಗದೈತಿ, ಬೆತ್ತ ಕೆಳಗ ಇಡು."

"ವಕೀಲರ, ನೀವರ ಹೇಳ್ರಿ" ಎಂದು ಹೆಡ್‌ಮಾಸ್ತರ ತಿರುಗಿದ.

"ಪ್ರಸಾದ ಅಂದ್ರ ಊಟ ಅಲ್ಲ. ಆರ್ಡರ್ ಪಾಸ್ ಮಾಡೇನಿ, ಚೆಲ್ರಿ" ಎಂದು ವಕೀಲ ನಕ್ಕ. ಎಲ್ಲರೂ ನಕ್ಕೆವು.

"ಹಕ್ಕಿಪಕ್ಕಿ ತಿಂತಾವ ಬಿಡ್ರಿ. ಆ ಆಮಿನೂ ಬಾಣಂತಿ ಅಲ್ಲೇನ್ರಿ? ತಿನ್ನಲಿ" ಎಂದಳು ತಂಗಿ.

ಇಂಡಿಯವನು ಪರಾತ ಹಿಡಿದು, ಹುಲ್ಲುಲ್ಲಿಗೋ ಎಂದು ಹೊಲದಲ್ಲಿ ಕೂಗುವಂತೆಯೇ ಕೂಗುತ್ತ ಬಳ್ಳಿಯ ಉದ್ದಕ್ಕೂ ಚೆಲ್ಲುತ್ತ ನಡೆದ. ತಂಬಿಗೆಯ ನೀರು ಚಿಮುಕಿಸುತ್ತ ಅವನ ಹಿಂದೆ ನಡೆದವನು ನಾನು. ಕುಸಿದ ಮರಳಿನ ಹತ್ತಿರ ಅವನು ಬೇಕೆಂದೇ ಎರಡು ಮುಟಿಗೆ ಹೆಚ್ಚು ಚೆಲ್ಲಿದ. ಹೆಡ್‌ಮಾಸ್ತರ ಫೋಟೋ ತೆಗೆದ. ಆ ಅರ್ಧ ಗಂಟೆಯಲ್ಲಿ ನನ್ನ ಮನಸ್ಸಿನಲ್ಲಿ ಅಳುಕು ಇತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇರಲಿಲ್ಲ. ಅಪ್ಪನ ಹಿಂದೆ ತಂಬಿಗೆ ಹಿಡಿದು ಹೊಲದಲ್ಲಿ ನಡೆದಂತೆಯೇ ಆಯಿತು.

ಗೈಡ್ ಬಂದಾಗ ಮರದ ಬುಡದಲ್ಲಿ ಅರಿಶಿನ ಹಚ್ಚಿದ ಹವಳ ನೋಡಿ ಕೈಮುಗಿದ. ಚೆಲ್ಲಿದ ಚೂರುಗಳು ಬಳ್ಳಿಯ ಎಲೆಗಳ ಕೆಳಗೆ ಹೋಗಿದ್ದವು. ಅವನಿಗೆ ಕಾಣಲಿಲ್ಲ. ಸಂಜೆ ಮರಿಗಳು ಬರಲಿಲ್ಲ. ನೀರು ಇಳಿಯುವ ಮೊದಲು ಡುಂಗಿ ಹಳ್ಳ ದಾಟಬೇಕು ಎಂದು ನಮ್ಮನ್ನು ಹೊರಡಿಸಿದ. ತಾನು ಬೆಳಗಾಗುವ ಹೊತ್ತಿಗೆ ಬಂದು ಕರೆಯುತ್ತೇನೆ ಎಂದ.

ಬೆಳಿಗ್ಗೆ ಹೋದಾಗ ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಆದರೆ ಬೆಳಕಿತ್ತು. ದೋಣಿ ದಂಡೆಗೆ ಮುಟ್ಟುವ ಮೊದಲೇ ನಾಯಿಗಳು ಕಂಡವು. ನಾಲ್ಕು. ಎರಡು ಕೆಂದು, ಒಂದು ಕರಿಯದು, ಒಂದು ಮಚ್ಚೆಯದು. ಕರಿಯದು ಬಳ್ಳಿಯಲ್ಲಿ ಮೂತಿ ತೂರಿಸಿ ನೆಕ್ಕುತ್ತಿತ್ತು. ಗೈಡ್ ದೋಣಿ ನಿಲ್ಲುವುದಕ್ಕೂ ಕಾಯದೆ ಮೊಣಕಾಲು ನೀರಿಗೆ ಹಾರಿ, ಕೂಗುತ್ತ ಓಡಿದ. ನಾಯಿಗಳು ಗಾಬರಿಯಾಗಲಿಲ್ಲ. ಹೊಟ್ಟೆ ತುಂಬಿದವು ಹೋಗುವ ಹಾಗೆ ಹೋದವು.

ಕುಸಿದ ಮರಳು ಇದ್ದ ಜಾಗದಲ್ಲಿ ಒಂದು ಮೊಳ ಆಳದ ತಗ್ಗು ಇತ್ತು. ಸುತ್ತಲೂ ಚಿಪ್ಪಿನ ಚೂರು, ತೋಯ್ದ ಕಾಗದದಂತೆ ಮೆತ್ತಗಿದ್ದವು. ಮರಿಗಳು ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡವು, ಬೂದುಬಣ್ಣ. ಕೆಲವಕ್ಕೆ ತಲೆ ಇರಲಿಲ್ಲ. ಒಂದು ಇನ್ನೂ ಮುಂಗಾಲು ಆಡಿಸುತ್ತಿತ್ತು, ನೀರಿನ ಕಡೆಗಲ್ಲ, ಸುಮ್ಮನೆ ಗಾಳಿಯಲ್ಲಿ. ಗೈಡ್ ಅದನ್ನು ಅಂಗೈಯಲ್ಲಿ ಎತ್ತಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಅದೂ ಆಡಿಸಲಿಲ್ಲ. ಅದರಾಚೆ ಇನ್ನೂ ಎರಡು ಗೂಡು ಅಗೆದಿದ್ದವು. ಬಿದಿರಿನ ಬುಟ್ಟಿಗಳು ಉರುಳಿ ಬಿದ್ದಿದ್ದವು.

ಬಳ್ಳಿಯ ಕೆಳಗಿನಿಂದ ಅವನು ಏನನ್ನೋ ತೆಗೆದ. ಶೇಂಗಾಹೋಳಿಗೆಯ ಚೂರು. ಅದನ್ನು ಮೂಸಿ ನೋಡಿ ನನ್ನ ಮುಖ ನೋಡಿದ.

"ನಮ್ಮ ಚರಗದ ಸಲುವಾಗಿ ಬಂದಾವೇನ್ರಿ ನಾಯಿ?" ತಂಗಿ ಕೇಳಿದಳು.

"ನಾಯಿ ಏನ್, ದಿನಾ ಬರ್ತಿರ್ತಾವ. ನೀ ಬಾಯಿ ಮುಚ್ಕೊಂಡು ನಿಂದ್ರು" ಎಂದ ಗಂಡ.

ಗೈಡ್ ಹೇಳಿ ಕಳಿಸಿದ್ದರಿಂದ ಹತ್ತು ಗಂಟೆಯ ಸುಮಾರಿಗೆ ಅರಣ್ಯ ಇಲಾಖೆಯ ಅಧಿಕಾರಿ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಗದರಿಸುವ ಸ್ವಭಾವದವರಲ್ಲ. ದಂಡೆಯ ತುದಿಯಲ್ಲಿ ಖಾಲಿ ಬಿದ್ದಿದ್ದ ಇಲಾಖೆಯ ಷೆಡ್ಡಿನಲ್ಲಿ ಮೇಜಿನ ಮೇಲೆ ಹೋಳಿಗೆಯ ಚೂರು, ರೊಟ್ಟಿಯ ಚೂರು ಇಟ್ಟಿದ್ದರು. ಮೊದಲು ಗೈಡನ್ನು ಕೇಳಿದರು. ಅವನು ನಿಂತುಕೊಂಡು ಹೇಳಿದ: ಎಲ್ಲ ಚೀಲ ನೋಡಿದೆ, ಬುಟ್ಟಿ ನೋಡಲಿಲ್ಲ, ಪೂಜೆಯ ಸಾಮಾನು ಎಂದರು, ಅದು ನನ್ನ ತಪ್ಪು. ಆ ಬುಟ್ಟಿಯಲ್ಲಿ ಇದು ಇದ್ದಿರಬೇಕು. ಇವರನ್ನು ಕೇಳಿ. ಇವರು ದೊಡ್ಡವರು, ಹೇಳುತ್ತಾರೆ.

ಅಧಿಕಾರಿ ನಮ್ಮ ಕಡೆ ತಿರುಗುವಷ್ಟರಲ್ಲಿ ವಕೀಲ ನಾವು ಬರೆದು ಕೊಡುತ್ತೇವೆ, ಐದು ನಿಮಿಷ ಕೊಡಿ ಎಂದು ಇಂಗ್ಲಿಷಿನಲ್ಲಿ ಹೇಳಿ ನಮ್ಮನ್ನು ಷೆಡ್ಡಿನ ಹಿಂದಕ್ಕೆ ಕರೆದೊಯ್ದ.

"ಇದು ಕಾಡುಪ್ರಾಣಿ ಕಾಯ್ದೆ. ಚೇಷ್ಟಿ ಅಲ್ಲ. ಹೌದು ಅಂದಿ ಅಂದ್ರ ಐದೂ ಮಂದಿ ಇಲ್ಲೇ ಕೂಡಬೇಕಾಗ್ತೈತಿ" ಎಂದ. ಒಂದು ಕ್ಷಣ ನಿಲ್ಲಿಸಿ, "ತಂಗೀನೂ" ಎಂದ.

"ಆಕಿ ದೇವರ ಪೂಜಿ ಮಾಡ್ಯಾಳ. ಅದಕ್ಕ ಕೇಸ್ ಅಂದ್ರ ಊರಾಗ ಹ್ಯಾಂಗ ಮಾರಿ ತೋರ್ಸೂದು?" ಎಂದ ಇಂಡಿಯವನು.

"ಹಂಗಾರ ಗೈಡ್ ಗತಿ?" ನಾನು ಕೇಳಿದೆ. ಕೇಳಿದೆ ಎಂದು ಬರೆದುಕೊಂಡು ನನ್ನ ತೂಕ ಹೆಚ್ಚಿಸಿಕೊಳ್ಳುವುದಿಲ್ಲ. ಒಂದೇ ಸಲ ಕೇಳಿದೆ, ಮೆಲ್ಲಗೆ ಕೇಳಿದೆ.

"ಅವಂಗೇನ್, ಎರಡು ದಿನ ಬೈತಾರ, ಬಿಡ್ತಾರ. ಇಲ್ಲಿಯವ ಅಂವ. ಸಾಹೇಬಾ, ನಿನ್ನ ಅಕ್ಷರ ಚಂದ ಅದಾವ, ಕುಂದ್ರು" ಎಂದ ವಕೀಲ.

ವಕೀಲ ಹೇಳಿದ, ನಾನು ಇಂಗ್ಲಿಷಿನಲ್ಲಿ ಬರೆದೆ. ಕಡಲ ದಂಡೆಯಲ್ಲಿ ನಮ್ಮಲ್ಲಿ ಯಾರೂ ಆಹಾರ ಸೇವಿಸಿಲ್ಲ. ಬುಟ್ಟಿಯಲ್ಲಿ ಅರಿಶಿನ, ಕುಂಕುಮ, ತಂಬಿಗೆ ಇದ್ದವು. ಮರದ ಬುಡದಲ್ಲಿ ಪೂಜೆ ಮಾಡಿದೆವು, ಅದನ್ನು ಗೈಡ್ ಕಂಡು ಆಕ್ಷೇಪಿಸಲಿಲ್ಲ. ಗೈಡ್ ನಮ್ಮನ್ನು ಸುಮಾರು ಅರ್ಧ ಗಂಟೆ ಒಂಟಿಯಾಗಿ ಬಿಟ್ಟು ಹೋಗಿದ್ದ. ದೊರೆತ ತಿನಿಸಿನ ಚೂರುಗಳು ಯಾರವು ಎಂದು ನಮಗೆ ತಿಳಿದಿಲ್ಲ.

ಕೊನೆಯ ವಾಕ್ಯ ಒಂದೇ ನೇರ ಸುಳ್ಳು. ಉಳಿದ ವಾಕ್ಯಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ನಿಜ. ಅವನು ಯಾಕೆ ಬಿಟ್ಟು ಹೋಗಿದ್ದ, ಯಾರ ಜೀವ ಕಾಯಲು ಮೊಸಳೆ ನೋಡಲು ಹೋಗಿದ್ದ ಎಂಬುದನ್ನು ವಕೀಲ ಹೇಳಲಿಲ್ಲ, ನಾನು ಬರೆಯಲಿಲ್ಲ. ಪ್ರವಾಸಿಗರನ್ನು ದಂಡೆಯಲ್ಲಿ ಒಂಟಿಯಾಗಿ ಬಿಡಬಾರದು ಎಂಬ ನಿಯಮ ಇದೆಯೆಂದು ಅಧಿಕಾರಿ ಆ ಸಾಲನ್ನು ಎರಡು ಸಲ ಓದಿದಾಗ ನನಗೆ ತಿಳಿಯಿತು. ಸಾಲಿನ ಕೆಳಗೆ ಗೆರೆ ಎಳೆದರು.

ಸಹಿ ಮಾಡುವಾಗ ತಂಗಿ ಪೆನ್ನು ಹಿಡಿದು ನಿಂತಳು. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

"ಅಣ್ಣಾರ, ಏನ್ ಬರದೀರಿ ಇದ್ರಾಗ?"

"ಏನಿಲ್ಲ ತಂಗಿ. ನಾವು ಬಂದಿದ್ದು, ಹೋಗಿದ್ದು."

ಅವಳು ಕನ್ನಡದಲ್ಲಿ ನಿಧಾನವಾಗಿ ಪೂರ್ತಿ ಹೆಸರು ಬರೆದಳು.

ಗೈಡ್ ಷೆಡ್ಡಿನ ಹೊರಗೆ ನಿಂತಿದ್ದ. ಅಧಿಕಾರಿ ಹೇಳಿಕೆಯನ್ನು ಅವನಿಗೆ ಹಿಂದಿಯಲ್ಲಿ ಓದಿ ಹೇಳಿದರು. ಓದಿ ಮುಗಿದ ಮೇಲೆ, "ಹೀಗೆಂದು ಸಾಬ್ ಬರೆದರೇ?" ಎಂದು ಕೇಳಿದ. ಅಧಿಕಾರಿ ಹೌದು ಎಂದರು. ಅವನು ಕೊರಳಿನ ಕಾರ್ಡು ತೆಗೆದು ಕೊಟ್ಟ. ಯಾರೂ ಅದನ್ನು ಇನ್ನೂ ಕೇಳಿರಲಿಲ್ಲ.

ನಮ್ಮನ್ನು ಮರಳಿ ಕಟ್ಟೆಗೆ ಬಿಡಲು ಅವನೇ ಡುಂಗಿಯಲ್ಲಿ ಬಂದ. ತಂಗಿಗೆ ಇಳಿಯಲು ಕೈ ಕೊಟ್ಟ. ಹಿಂದಿನ ದಿನ ಇಡಿಸಿದ್ದ ಬಿಸ್ಕತ್ತು, ಶೇಂಗಾ ಎಲ್ಲವನ್ನೂ ನೆನಪಿಟ್ಟು ವಕೀಲನಿಗೆ, ಹೆಡ್‌ಮಾಸ್ತರನಿಗೆ ಒಪ್ಪಿಸಿದ. ಹಡಗಿನಲ್ಲಿ ಹೆಡ್‌ಮಾಸ್ತರ ಕ್ಯಾಮೆರಾ ತೆಗೆದು ಚರಗದ ಫೋಟೋಗಳನ್ನು ಒಂದೊಂದಾಗಿ ಅಳಿಸಿದ. ಅಳಿಸುವ ಮೊದಲು ಒಂದನ್ನು ನನಗೆ ತೋರಿಸಿದ. ಅದರಲ್ಲಿ ನಾನು ನಗುತ್ತಿದ್ದೆ.

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದರು, ಆಮೆ ನೋಡಿದಿರಾ ಎಂದು. ಇಂಡಿಯವನು ನೋಡಿದೆವು ಎಂದೇ ಹೇಳುತ್ತಿದ್ದ. ಅದೂ ಸುಳ್ಳಲ್ಲ.

ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಗೈಡ್. ನಂಬರನ್ನು ದೋಣಿ ಕಾಯ್ದಿರಿಸುವಾಗ ನಾನೇ ಕೊಟ್ಟಿದ್ದೆ. ಮೊದಲು ನನ್ನ ಆರೋಗ್ಯ ಕೇಳಿದ, ಆಮೇಲೆ ತಂಗಿಯ ಆರೋಗ್ಯ ಕೇಳಿದ. ಹೊಸ ಪರವಾನಗಿ ಕೊಟ್ಟಿಲ್ಲ, ಮಳೆಗಾಲದಲ್ಲಿ ವಿಚಾರಣೆ ಇದೆ ಎಂದ. "ನಾಯಿ ಬಂದದ್ದಕ್ಕೆ ಮಾತ್ರ ಆಗಿದ್ದರೆ ಒಂದು ಸೀಜನ್ ಕೂರಿಸಿ ಬಿಡುತ್ತಿದ್ದರು ಸಾಬ್. ನಾನು ಪ್ರವಾಸಿಗರ ಮೇಲೆ ಸುಳ್ಳು ಹೊರಿಸಿದೆ ಎಂದು ಬರೆದಿದ್ದಾರೆ. ನೀವು ಒಂದು ಕಾಗದ ಬರೆದರೆ ಆಗುತ್ತದೆ. ನಡೆದದ್ದಷ್ಟೇ ಸಾಕು."

ಬರೆಯುತ್ತೇನೆ ಎಂದೆ.

ಆ ವಾರವೇ ಇಂಡಿಯ ತೋಟದಲ್ಲಿ ನಾಲ್ವರೂ ಸೇರಿದೆವು. ನಿಂಬೆಯ ಗಿಡಗಳ ನಡುವೆ ಕುರ್ಚಿ ಹಾಕಿಸಿದ್ದ. ನಾನು ವಿಷಯ ಹೇಳಿದೆ.

"ಎರಡನೇ ಹೇಳಿಕೆ ಕೊಟ್ಟಿ ಅಂದ್ರ ಮೊದಲನೇದು ಸುಳ್ಳು ಅಂತ ಆತು. ಸುಳ್ಳು ಹೇಳಿಕೆ ಕೊಟ್ಟಾವರು ಯಾರು? ನಾವ. ಮೂವತ್ತು ವರ್ಷ ಕೋರ್ಟಿನ್ಯಾಗ ಏನ್ ಟೈಪ್ ಮಾಡಿದೆಪಾ ಸಾಹೇಬಾ, ಲಗ್ನಪತ್ರಿಕಿ ಏನು?" ಎಂದ ವಕೀಲ.

"ಅಂವ ಬ್ಯಾರೆ ಕೆಲಸ ಹಿಡಿದಿರ್ತಾನ ಬಿಡೋ" ಎಂದ ಇಂಡಿಯವನು.

ಹೆಡ್‌ಮಾಸ್ತರ ಗಿಡದ ಮೇಲೆ ಯಾವುದೋ ಹಕ್ಕಿ ನೋಡುತ್ತಿದ್ದ. ಹೊರಡುವಾಗ ನನ್ನ ಹತ್ತಿರ ಬಂದು, "ನೀ ಬರದ್ರ ನನ್ನ ಹೆಸರು ಮಾತ್ರ ಹಾಕಬ್ಯಾಡ, ಪೆನ್ಶನ್ ಐತಿ" ಎಂದ. ಪಿಂಚಣಿ ನನಗೂ ಇತ್ತು. ಆ ಕಾಗದದಿಂದ ಅದು ನಿಲ್ಲುತ್ತಿತ್ತೋ ಇಲ್ಲವೋ ನಾನು ಯಾರನ್ನೂ ಕೇಳಿ ತಿಳಿದುಕೊಳ್ಳಲಿಲ್ಲ. ನಿಲ್ಲಬಹುದು ಎಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಕಾಗದ ಬರೆಯಲಿಲ್ಲ. ಎಷ್ಟು ದಿನ ಬರೆಯಲಿಲ್ಲ ಎಂದೂ ಹೇಳಬೇಕು: ಮುಂಗಾರು ಪೂರ್ತಿ. ಆ ನಡುವೆ ಅವನ ಫೋನು ಎರಡು ಸಲ ಬಂತು. ಒಂದು ಸಲ ನಾನು ಎತ್ತಲಿಲ್ಲ. ಇನ್ನೊಂದು ಸಲ ಹೆಂಡತಿ ಎತ್ತಿದಳು, ಮನೆಯಲ್ಲಿಲ್ಲ ಎಂದು ಹೇಳು ಎಂದು ಕೈಸನ್ನೆ ಮಾಡಿದೆ. ಅವಳು ಹೇಳಿದಳು. ಫೋನು ಇಟ್ಟು ನನ್ನನ್ನು ನೋಡಿದಳು.

ದಸರೆಯ ಹಿಂದೆ ಮುಂದೆ ತಂಗಿ ಯಾವುದೋ ಮದುವೆಗೆಂದು ಸಿಂದಗಿಗೆ ಬಂದವಳು ನಮ್ಮ ಮನೆಗೂ ಬಂದಳು. ಚಹಾ ಕುಡಿಯುತ್ತ, "ಅಣ್ಣಾರ, ಆ ಗೈಡ್ ಹ್ಯಾಂಗ ಅದಾನ್ರಿ? ನನಗ ಇಳ್ಯಾಕ ಕೈ ಕೊಟ್ಟಿದ್ದ, ಪಾಪ" ಎಂದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ನಾನು ಹೇಳಿದೆ. ಹೇಳಿಕೆಯಲ್ಲಿ ಏನಿತ್ತು ಎಂಬುದನ್ನು ಸಾಲು ಸಾಲಾಗಿ ಹೇಳಿದೆ. ಚಹಾದ ಕಪ್ಪು ಕೆಳಗಿಟ್ಟಳು.

"ನಾ ಕೇಳಿದ್ದೆ. ಏನ್ ಬರದೀರಿ ಅಂತ ಕೇಳಿದ್ದೆ ನಿಮಗ."

"ಹೌದು."

"ನನ್ನ ಗಂಡಗ ಕೇಳಲಿಲ್ಲ, ವಕೀಲರಿಗೆ ಕೇಳಲಿಲ್ಲ. ನಿಮಗ ಕೇಳಿದೆ. ಅಣ್ಣಾರು ಸುಳ್ಳು ಹೇಳೂದಿಲ್ಲ ಅಂತ ಕೇಳಿದೆ. ಭೂಮಿತಾಯಿಗಿ ಉಣಸಿದ ಕೈಯಿಂದ ಒಬ್ಬಂವನ ಅನ್ನ ಕಸದಂಗಾತಲ್ಲ!" ಅವಳು ಅಳಲಿಲ್ಲ. ಸಿಟ್ಟಿನಿಂದ ಅವಳ ಮುಖ ಕೆಂಪಾಗಿತ್ತು. "ಈಗ ಬರೀರಿ. ಇಲ್ಲೇ ಬರೀರಿ. ಕನ್ನಡದಾಗ ಬರೀರಿ ಮೊದಲ, ಓದಿ ಹೇಳ್ರಿ. ಬುಟ್ಟಿ ನಂದು, ಅಡಿಗಿ ನಂದು ಅಂತ ಬರೀರಿ."

ಬರೆದೆ. ಬುಟ್ಟಿ, ರೊಟ್ಟಿ, ಹೋಳಿಗೆ, ಕೂಗು, ತಂಬಿಗೆ, ಕುಸಿದ ಮರಳಿನ ಹತ್ತಿರ ಚೆಲ್ಲಿದ ಎರಡು ಹೆಚ್ಚಿನ ಮುಟಿಗೆ, ಮೊಸಳೆ ನೋಡಲು ಅವನು ಹೋದದ್ದು, ಮೊದಲನೆಯ ಹೇಳಿಕೆ ಸುಳ್ಳು ಎಂಬುದು. ಎರಡು ಕಡೆ ಅವಳು ನಿಲ್ಲಿಸಿ ತಿದ್ದಿಸಿದಳು. ಆಮೇಲೆ ಇಂಗ್ಲಿಷಿಗೆ ತಿರುಗಿಸಿ ಎರಡನ್ನೂ ಸೇರಿಸಿ, ನಮ್ಮಿಬ್ಬರ ಸಹಿ ಮಾಡಿ, ದ್ವೀಪದ ಅರಣ್ಯ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಇಂಡಿಯವನು ಆ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಮನೆಯಲ್ಲಿ ಅವಳೊಡನೆ ಹೇಗಿದ್ದಾನೆ ಎಂದು ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ಇಲ್ಲ.

ಒಂದು ತಿಂಗಳ ಮೇಲೆ ನಾನೇ ಫೋನು ಮಾಡಿದೆ. ಹಿಂದೆ ಕಬ್ಬಿಣದ ಸದ್ದು, ಜನರ ಕೂಗು. ಹಡಗುಕಟ್ಟೆಯಲ್ಲಿ ಮಾಲು ಇಳಿಸುವ ಕೆಲಸ ಎಂದ. ಕಾಗದ ಬಂದಿತ್ತು. ವಿಚಾರಣೆ ಅದಕ್ಕೂ ಮೊದಲೇ, ಮಳೆಗಾಲದಲ್ಲಿಯೇ ಮುಗಿದುಹೋಗಿತ್ತು. ದಂಡೆಗೆ ಬೇರೆಯವರನ್ನು ಹಾಕಿದ್ದರು. ಕಾಗದವನ್ನು ಫೈಲಿಗೆ ಸೇರಿಸುತ್ತೇವೆ ಎಂದರಂತೆ, ಅವನನ್ನು ಕರೆದು ಓದಿಯೂ ತೋರಿಸಿದರಂತೆ.

"ಚೆನ್ನಾಗಿ ಬರೆದಿದ್ದೀರಿ ಸಾಬ್. ಎಲ್ಲವೂ ಇದೆ. ನಾನು ಮೊಸಳೆ ನೋಡಲು ಹೋಗಿದ್ದೆ ಎಂಬುದೂ ಇದೆ" ಎಂದ. ಅವನ ದನಿಯಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. "ಇದೆಲ್ಲ ಅವತ್ತೂ ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು" ಎಂದೆ.

ಯಾರೋ ಅವನನ್ನು ಕೂಗಿದರು. ಸರಿ ಸಾಬ್ ಎಂದು ಫೋನು ಇಟ್ಟ. ಅವನ ನಂಬರು ನನ್ನಲ್ಲಿ ಇದೆ. ಆಮೇಲೆ ಅವನು ಮಾಡಿಲ್ಲ, ನಾನೂ ಮಾಡಿಲ್ಲ.